ಡಿಸ್ಕ್ ಡ್ರೈವರ್: ಬೈಟ್ ಎಲ್ಲಿ ತಿರುಗಿಸಬೇಕು, ಎಲ್ಲಿ ಮುಟ್ಟಬಾರದು

ಸ್ಕಸಿ (ಎಸ್‌ಸಿಎಸ್‌ಐ, ಡಿಸ್ಕ್ ಜೋಡಿಸುವ ಒಂದು ಬಗೆ) ಡಿಸ್ಕಿಗೆ ಅದರ ಗಾತ್ರ ಕೇಳುವ ‘ರೀಡ್ ಕೆಪಾಸಿಟಿ (10)’ ಕಮಾಂಡ್ ಕೊಟ್ಟರೆ ಎಂಟು ಬೈಟ್ ಉತ್ತರ ಬರುತ್ತದೆ. ಮೊದಲ ನಾಲ್ಕು ಕೊನೆಯ ಬ್ಲಾಕಿನ ಸಂಖ್ಯೆ, ಮುಂದಿನ ನಾಲ್ಕು ಬ್ಲಾಕಿನ ಅಳತೆ. ಅಳತೆ 512 ಇದ್ದರೆ ಆ ನಾಲ್ಕು ಬೈಟ್ ಹೆಕ್ಸ್‌ನಲ್ಲಿ 00 00 02 00. ಎಕ್ಸ್86 (ಇಂಟೆಲ್, ಎಎಂಡಿ) ಯಂತ್ರದಲ್ಲಿ ಇದನ್ನು ಬೈಟ್ ಕ್ರಮ ತಿರುಗಿಸದೆ ಹಾಗೇ 32 ಬಿಟ್ ಸಂಖ್ಯೆಯಾಗಿ ಓದಿದರೆ 131072 ಸಿಗುತ್ತದೆ. ಲಾಗ್‌ನಲ್ಲಿ ಈ ಸಂಖ್ಯೆ ಕಂಡರೆ ಕೇಬಲ್ ಬದಲಿಸಲು ಹೋಗಬೇಡಿ, ಡ್ರೈವರ್ ಕೋಡ್ ತೆರೆಯಿರಿ.

ಸ್ಕಸಿ ಕಮಾಂಡುಗಳು ಬಿಗ್ ಎಂಡಿಯನ್, ಅಂದರೆ ಸಂಖ್ಯೆಯ ದೊಡ್ಡ ಭಾಗದ ಬೈಟ್ ಮೊದಲು. ಹೊಸ ಎಸ್‌ಎಸ್‌ಡಿಗಳ ಎನ್‌ವಿಎಂಇ ಲಿಟಲ್ ಎಂಡಿಯನ್, ಅಂದರೆ ಚಿಕ್ಕ ಭಾಗದ ಬೈಟ್ ಮೊದಲು; ಎಕ್ಸ್86 ಕೂಡ ಹೀಗೇ. ಎಂಬಿಆರ್ (ಡಿಸ್ಕಿನ ಮೊದಲ ಸೆಕ್ಟರು) ಪಾರ್ಟಿಷನ್ ಟೇಬಲ್ಲೂ ಲಿಟಲ್ ಎಂಡಿಯನ್: 2048ನೇ ಸೆಕ್ಟರಿನಿಂದ ಶುರುವಾಗುವ ಪಾರ್ಟಿಷನ್, ಬಿಗ್ ಎಂಡಿಯನ್ ಯಂತ್ರ ಎಚ್ಚರ ತಪ್ಪಿದರೆ, 524288ರಲ್ಲಿ ಇದ್ದಂತೆ ಕಾಣುತ್ತದೆ. ಇವು ಯಾವುವೂ ಸಿಪಿಯು ನೋಡಿ ಬದಲಾಗುವುದಿಲ್ಲ. ಆದ್ದರಿಂದ ‘ಸಿಪಿಯು ಬಿಗ್ ಎಂಡಿಯನ್ ಆದರೆ ತಿರುಗಿಸು’ ಎಂಬ ಷರತ್ತನ್ನು ಡ್ರೈವರ್ ತುಂಬ ಹರಡಬಾರದು. ಲಿನಕ್ಸ್ ಕರ್ನಲ್‌ನಲ್ಲಿ ಪ್ರತಿ ಫೀಲ್ಡಿಗೂ __ಬಿಇ32 (ಬಿಗ್), __ಎಲ್ಇ32 (ಲಿಟಲ್) ಎಂದು ಟೈಪ್ ಕೊಡಿ, ಓದುವ ಜಾಗದಲ್ಲಿ ಒಮ್ಮೆ ಮಾತ್ರ ಬಿಇ32_ಟು_ಸಿಪಿಯು ಅಥವಾ ಎಲ್ಇ32_ಟು_ಸಿಪಿಯು ಕರೆಯಿರಿ. ‘ಮೇಕ್ ಸಿ=1’ ಎಂದು ಸ್ಪಾರ್ಸ್ ಎಂಬ ಕೋಡ್ ತಪಾಸಕವನ್ನು ಓಡಿಸಿದರೆ ಮರೆತ ಜಾಗಗಳನ್ನು ಅದೇ ತೋರಿಸುತ್ತದೆ.

ಬ್ಲಾಕ್ ಓದಿಸುವ ‘ರೀಡ್ (10)’ ಕಮಾಂಡಿನಲ್ಲಿ ಇನ್ನೊಂದು ತೊಡಕಿದೆ. ಬ್ಲಾಕ್ ಸಂಖ್ಯೆ 2ರಿಂದ 5ನೇ ಬೈಟಿನವರೆಗೆ (ಎಣಿಕೆ 0ಯಿಂದ) ಇರುತ್ತದೆ, ಅಂದರೆ ನಾಲ್ಕರ ಗಡಿಯಲ್ಲಿ ಕೂರುವುದಿಲ್ಲ. ಸಾಮಾನ್ಯ ಸ್ಟ್ರಕ್ಟ್ ಬರೆದರೆ ಕಂಪೈಲರ್ ನಡುವೆ ಎರಡು ಬೈಟ್ ಖಾಲಿ ಬಿಡುತ್ತದೆ. ಇಲ್ಲಿ ಗಡಿ ನೋಡದೆ ಬಿಗ್ ಎಂಡಿಯನ್ ಆಗಿ ಬರೆಯುವ ಪುಟ್_ಅನ್‌ಅಲೈನ್ಡ್_ಬಿಇ32 ಬಳಸುವುದೇ ಸರಿ. ಬಿಟ್ ಲೆಕ್ಕದಲ್ಲಿ ಹಂಚಿದ ಫೀಲ್ಡ್, ಅಂದರೆ ಬಿಟ್‌ಫೀಲ್ಡ್, ಅಂತೂ ಬೇಡವೇ ಬೇಡ.

ಹೆಚ್ಚು ಮಂದಿ ಎಡವುವುದು ಐಡಿಇ (ಹಳೆಯ ಬಗೆಯ ಡಿಸ್ಕ್ ಜೋಡಣೆ) ಡೇಟಾ ಪೋರ್ಟಿನಲ್ಲಿ. ರಿಜಿಸ್ಟರಿನಲ್ಲಿರುವುದು ಸಂಖ್ಯೆ, ಅದಕ್ಕೇ ರಿಜಿಸ್ಟರ್ ಓದುವ ಕರ್ನಲ್ ಫಂಕ್ಷನ್ ರೀಡ್‌ಎಲ್ ತಾನಾಗಿ ಲಿಟಲ್ ಎಂಡಿಯನ್‌ನಿಂದ ಸಿಪಿಯು ಕ್ರಮಕ್ಕೆ ತರುತ್ತದೆ. ಅದರ ಮೇಲೆ ನೀವೂ ತಿರುಗಿಸಿದರೆ ಕೆಟ್ಟಿತು. ಡೇಟಾ ಪೋರ್ಟಿನಿಂದ ಬರುವುದು ಬೈಟ್‌ಗಳ ಸಾಲು, ಸಂಖ್ಯೆಯಲ್ಲ. ಅಲ್ಲಿ ಬಳಸುವ ಐಒರೀಡ್16_ರೆಪ್ ಏನನ್ನೂ ತಿರುಗಿಸುವುದಿಲ್ಲ. ಅದರ ಬದಲು 16 ಬಿಟ್ ರೀಡ್‌ಡಬ್ಲ್ಯೂ ಲೂಪ್ ಬರೆದರೆ ಬಿಗ್ ಎಂಡಿಯನ್ ಯಂತ್ರದಲ್ಲಿ ಇಡೀ ಸೆಕ್ಟರು ಎರಡೆರಡು ಬೈಟ್ ಅದಲುಬದಲಾಗಿ ಕೂರುತ್ತದೆ. ಸೆಕ್ಟರಿನೊಳಗಿನ ಅರ್ಥ ಫೈಲ್ ಸಿಸ್ಟಮ್ಮಿಗೆ ಬಿಟ್ಟದ್ದು: ಎಕ್ಸ್‌ಟಿ4 ಲಿಟಲ್, ಎಕ್ಸ್‌ಎಫ್‌ಎಸ್ ಬಿಗ್. ಡ್ರೈವರ್ ಅದನ್ನು ಮುಟ್ಟಬಾರದು.

ಡಿಸ್ಕ್ ತನ್ನ ವಿವರ ಹೇಳುವ ‘ಐಡೆಂಟಿಫೈ ಡಿವೈಸ್’ ಉತ್ತರವೊಂದು ಇದಕ್ಕೆ ಹೊರತು. ಇದರ 256 ಪದಗಳನ್ನು (ಒಂದು ಪದ 16 ಬಿಟ್) ಎಲ್ಇ16_ಟು_ಸಿಪಿಯು ಮೂಲಕ ಹಾಯಿಸಬೇಕು. ಮಾಡೆಲ್ ಹೆಸರು 27ರಿಂದ 46ನೇ ಪದದವರೆಗೆ. ಪ್ರತಿ ಪದದ ಮೇಲಿನ ಎಂಟು ಬಿಟ್ ಮೊದಲ ಅಕ್ಷರ, ಕೆಳಗಿನ ಎಂಟು ಎರಡನೆಯದು. ಈ ಕ್ರಮ ಮರೆತರೆ ಕ್ಯೂ-ಇ-ಎಂ-ಯು ಎಂಬುದು ಇ-ಕ್ಯೂ-ಯು-ಎಂ ಆಗುತ್ತದೆ. ರೀಟ್ರೈ ದಾರಿಯಲ್ಲಿ ಅದೇ ಬಫರನ್ನು ಎರಡನೇ ಸಲ ತಿರುಗಿಸುತ್ತಿಲ್ಲ ಎಂಬುದನ್ನೂ ನೋಡಿಕೊಳ್ಳಿ.

ಪರೀಕ್ಷೆಗೆ ದುಬಾರಿ ಯಂತ್ರ ಬೇಕಿಲ್ಲ. ಬಿಗ್ ಎಂಡಿಯನ್ ಲಿನಕ್ಸನ್ನು ಕ್ಯೂಇಎಂಯು (ಬೇರೆ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಒಳಗೆ ಪವರ್‌ಪಿಸಿ ಸಿಪಿಯು ಮೇಲೆ ಬೂಟ್ ಮಾಡಬಹುದು. ಆದರೆ ಅಲ್ಲೇ ಬರೆದು ಅಲ್ಲೇ ಓದಿ ನೋಡಿದರೆ ಸಾಲದು. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ಆದರೆ ಎರಡೂ ಸರಿದೂಗಿ ಪರೀಕ್ಷೆ ಪಾಸಾಗುತ್ತದೆ. ಡಿಸ್ಕ್ ಇಮೇಜನ್ನು ಎಕ್ಸ್86 ಯಂತ್ರದಲ್ಲಿ ತಯಾರಿಸಿ, ಫೈಲುಗಳ ಚೆಕ್‌ಸಮ್ ಬರೆದಿಟ್ಟುಕೊಂಡು, ಬಿಗ್ ಎಂಡಿಯನ್ ಕಡೆ ಓದಿಸಿ ತಾಳೆ ನೋಡಿ. ಆಮೇಲೆ ಅಲ್ಲಿ ಬರೆದದ್ದನ್ನು ಇಲ್ಲಿಗೆ ತಂದು ಓದಿಸಿ.