ಬಳ್ಳಾರಿ ಬಿಸಿಲಿಗೆ ಯಾವ ಟೈರು?

ಕಳೆದ ಬೇಸಿಗೆಯಲ್ಲಿ ನನ್ನ ತಮ್ಮ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಕೆಂಪು ಬಣ್ಣ, ನೆಲಕ್ಕೆ ತಗ್ಗು, 18 ಇಂಚಿನ ಅಲಾಯ್. ತಂದ ಮೂರನೇ ವಾರಕ್ಕೇ ಕುಡುತಿನಿ ದಾಟಿ ತೋರಣಗಲ್ಲು ಕಡೆ ಹೋಗುವಾಗ ಎಡಗಡೆ ಮುಂದಿನ ಚಕ್ರ ಗುಂಡಿಗೆ ಬಿತ್ತು. ಗಾಳಿ ಹೋಗಲಿಲ್ಲ. ಮನೆಗೆ ಬಂದು ನೋಡಿದರೆ ಟೈರಿನ ಪಕ್ಕೆಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬು. ಪಂಕ್ಚರ್ ಅಂಗಡಿಯವರು ಬೆರಳಿಂದ ಒತ್ತಿ ನೋಡಿ, "ಬಬಲ್ ಬಂದೈತಿ ಅಣ್ಣಾ, ಇದು ರಿಪೇರಿ ಆಗಂಗಿಲ್ಲ, ತೆಗೆಸಿಬಿಡ್ರಿ" ಅಂದರು. ಉಳಿದ ಮೂರರ ಬಟನ್ನೂ, ಅಂದರೆ ನೆಲಕ್ಕೆ ತಾಗುವ ಮೈಯ ರಬ್ಬರು ಕಟ್ಟುಗಳೂ, ಸವೆದಿದ್ದವು. ನಾಲ್ಕೂ ಟೈರು ಹುಡುಕುವ ಕೆಲಸ ನನ್ನ ಪಾಲಿಗೆ ಬಂತು.

ತಮ್ಮನ ಬೇಡಿಕೆ ಒಂದೇ. "ಅಣ್ಣಾ, ರೋಡಿಗೆ ಅಂಟಿಕೊಂಡಂಗ ಇರಬೇಕು." ನಾನು ಓದಿ, ಕೇಳಿ, ತಿಳಿದುಕೊಂಡ ಮೇಲೆ ಹೇಳಿದ್ದು ಬೇರೆ: ನಮ್ಮ ಕಡೆ ಒಣ ರಸ್ತೆಯ ಹಿಡಿತಕ್ಕೆ ಕೊರತೆ ಇಲ್ಲ, ಒಳ್ಳೆ ಸ್ಪೋರ್ಟ್ಸ್ ಟೈರು ಯಾವುದಾದರೂ ಅದನ್ನು ಕೊಡುತ್ತದೆ, ದುಡ್ಡು ಹಾಕಬೇಕಾದದ್ದು ಒದ್ದೆ ರಸ್ತೆಯ ಹಿಡಿತಕ್ಕೆ ಮತ್ತು ಗಟ್ಟಿ ಪಕ್ಕೆಗೆ.

ಯಾಕೆ ಅಂತ ಹೇಳ್ತೀನಿ. ಮೊದಲು ನಿಮ್ಮ ಅಂಗೈ ನೋಡಿಕೊಳ್ಳಿ. 1,400 ಕೆಜಿ ಕಾರು ನಾಲ್ಕು ಚಕ್ರದ ಮೇಲೆ ನಿಂತರೆ ಒಂದೊಂದಕ್ಕೆ ಸುಮಾರು 350 ಕೆಜಿ. ಒಳಗೆ 33 ಪಿಎಸ್‌ಐ ಗಾಳಿ ಅಂದರೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರಹತ್ತಿರ 2.3 ಕೆಜಿ ಒತ್ತಡ. ಭಾಗಿಸಿದರೆ 150 ಚದರ ಸೆಂಟಿಮೀಟರ್ ಬರುತ್ತದೆ. ಅಷ್ಟೇ ಜಾಗ ನೆಲಕ್ಕೆ ತಾಗಿರುವುದು. ಒಂದು ಅಂಗೈ ಅಗಲ. ಬ್ರೇಕು, ತಿರುವು, ಎಂಜಿನ್ನಿನ ಶಕ್ತಿ ಎಲ್ಲವೂ ನಾಲ್ಕು ಅಂಗೈ ಮೂಲಕವೇ ರಸ್ತೆಗೆ ಹೋಗಬೇಕು.

ಆ ಅಂಗೈಯಷ್ಟು ರಬ್ಬರು ರಸ್ತೆಯನ್ನು ಹೇಗೆ ಹಿಡಿಯುತ್ತದೆ? ಎರಡು ರೀತಿ. ಒಂದು, ರಬ್ಬರಿನ ಅಣುಗಳು ಕಲ್ಲಿನ ಮೈಗೆ ನೇರವಾಗಿ ಅಂಟುತ್ತವೆ. ಇನ್ನೊಂದು ಸ್ವಲ್ಪ ಬೇರೆ. ಹೋಳಿಗೆಯ ಕಣಕ ಒತ್ತಿ ನೋಡಿದ್ದೀರಲ್ವಾ, ಒತ್ತಿದ ಜಾಗ ತಗ್ಗಾಗಿ, ನಿಧಾನಕ್ಕೆ ಸ್ವಲ್ಪ ಮಾತ್ರ ಮೇಲೆ ಬರುತ್ತದೆ. ರಬ್ಬರಿಗೂ ಅಂಥ ಗುಣ ಒಂದಿಷ್ಟಿದೆ, ಜೊತೆಗೆ ಸ್ಪ್ರಿಂಗಿನ ಗುಣವೂ ಇದೆ. ಡಾಂಬರಿನಲ್ಲಿ ಎದ್ದಿರುವ ಜಲ್ಲಿಯ ತುದಿಯ ಮೇಲೆ ರಬ್ಬರು ಜಾರುವಾಗ ಮುಂದಿನ ಕಡೆ ಗಟ್ಟಿಯಾಗಿ ಒತ್ತುತ್ತದೆ, ಆದರೆ ಹಿಂದಿನ ಕಡೆ ಅಷ್ಟು ಬೇಗ ವಾಪಸ್ ಬಂದು ಕೂರಲ್ಲ. ಈ ತಡದಿಂದಲೇ ಕಲ್ಲು ರಬ್ಬರನ್ನು ಹಿಂದಕ್ಕೆ ತಡೆಯುತ್ತದೆ, ಖರ್ಚಾದ ಶಕ್ತಿ ಶಾಖವಾಗಿ ಹೋಗುತ್ತದೆ. ಇದಕ್ಕೆ ಹಿಸ್ಟೆರಿಸಿಸ್ ಅಂತ ಹೆಸರು.

ಈಗ ಮಳೆ ಬಂತು ಅನ್ನಿ. ನಡುವೆ ತೆಳ್ಳನೆಯ ನೀರಿನ ಪದರ ಸೇರಿತು. ಅಣುಗಳ ಅಂಟು ಬಹಳಷ್ಟು ಹೋಯಿತು. ಉಳಿಯುವುದು ಹೆಚ್ಚಾಗಿ ಆ ಎರಡನೇ ಹಿಡಿತವೇ. ಅದಕ್ಕೇ ಒಣ ರಸ್ತೆಯಲ್ಲಿ ಒಂದೇ ಥರ ಅನ್ನಿಸುವ ಎರಡು ಟೈರುಗಳ ನಡುವೆ ಒದ್ದೆ ರಸ್ತೆಯಲ್ಲಿ ಅಷ್ಟೊಂದು ಅಂತರ ಕಾಣುವುದು.

ಇಲ್ಲಿ ರಬ್ಬರಿನ ಪಾಕದ ಕೆಲಸ ಬರುತ್ತದೆ. ಹಳೇ ಟೈರುಗಳಲ್ಲಿ ರಬ್ಬರಿಗೆ ಬಲ ಕೊಡುತ್ತಿದ್ದದ್ದು ಕಾರ್ಬನ್ ಬ್ಲ್ಯಾಕ್, ಅಂದರೆ ಒಂಥರಾ ಮಸಿ. 1990ರ ದಶಕದ ಶುರುವಿನಲ್ಲಿ ಮಿಶೆಲಿನ್ ಕಂಪನಿ ಅದರ ಬಹುಪಾಲು ಜಾಗಕ್ಕೆ ಸಿಲಿಕಾ, ಅಂದರೆ ಮರಳಿನಲ್ಲಿರುವ ವಸ್ತುವಿನ ನಯವಾದ ಪುಡಿ, ತಂದಿತು. ಅದರ ಲಾಭ ನನಗೆ ಈಗಲೂ ಬೆರಗು. ಗಂಟೆಗೆ 100 ಕಿಮೀ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 14 ಸುತ್ತು ಸುತ್ತುತ್ತದೆ, ಅಷ್ಟು ಸಲ ರಬ್ಬರು ಮಡಚಿ ಬಿಚ್ಚಿಕೊಳ್ಳುತ್ತದೆ. ಬ್ರೇಕ್ ಒತ್ತಿ ಜಲ್ಲಿಯ ಮೇಲೆ ಜಾರುವಾಗಲೋ, ಸಾವಿರಾರು ಸಲ ನಡುಗುತ್ತದೆ. ಸಿಲಿಕಾ ಬೆರೆಸಿದ ರಬ್ಬರು ನಿಧಾನದ ಮಡಚುವಿಕೆಯಲ್ಲಿ ಕಡಿಮೆ ಶಕ್ತಿ ಕಳೆಯುತ್ತದೆ, ಆದ್ದರಿಂದ ಪೆಟ್ರೋಲ್ ಉಳಿಯುತ್ತದೆ. ಜೋರಾದ ನಡುಕದಲ್ಲಿ ಜಾಸ್ತಿ ಕಳೆಯುತ್ತದೆ, ಆದ್ದರಿಂದ ಒದ್ದೆಯಲ್ಲೂ ಹಿಡಿಯುತ್ತದೆ.

ಇನ್ನು ಬಿಸಿ. ಸಮ್ಮರ್ ಟೈರಿನ, ಅಂದರೆ ಬೆಚ್ಚನೆ ಹವೆಗೆಂದೇ ಮಾಡಿದ ಟೈರಿನ, ರಬ್ಬರು 7 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಬಿರುಸಾಗುತ್ತಾ ಹೋಗುತ್ತದೆ. ಬಳ್ಳಾರಿ, ರಾಯಚೂರಿನವರಿಗೆ ಆ ಚಿಂತೆಯೇ ಬೇಡ. ಏಪ್ರಿಲ್-ಮೇನಲ್ಲಿ ಗಾಳಿಯೇ 40 ದಾಟಿದಾಗ ಡಾಂಬರು 60 ಡಿಗ್ರಿ ಮೀರಿ ಕಾದಿರುತ್ತದೆ. ರಬ್ಬರು ಬೆಚ್ಚಗಾಗಲಿ ಅಂತ ನಾವು ಕಾಯಬೇಕಾಗಿಲ್ಲ. ತಮ್ಮ ಕೇಳಿದ್ದ ಅರೆ-ರೇಸ್ ಟೈರುಗಳನ್ನು ಬೇಡ ಅಂದದ್ದು ಇದಕ್ಕೇ. ಅವುಗಳ ಪಕ್ಕೆಯಲ್ಲಿ ಟ್ರೆಡ್‌ವೇರ್ (ಸವೆತದ ಅಂಕಿ, ಕಡಿಮೆ ಇದ್ದಷ್ಟೂ ಬೇಗ ಸವೆಯುತ್ತದೆ) 200 ಅಥವಾ ಅದಕ್ಕಿಂತ ಕಡಿಮೆ ಅಂತ ಇರುತ್ತದೆ. ಈ ಬಿಸಿಲಿಗೆ ಬೇಗ ಸವೆಯುತ್ತವೆ, ನೀರು ಹೊರಹಾಕುವ ಕಾಲುವೆಗಳೂ ಕಡಿಮೆ. ದಿನ ಓಡಾಡುವ ಕಾರಿಗೆ 300ರ ಆಸುಪಾಸಿನವು ಸಾಕು. ಒಂದು ಎಚ್ಚರ: ಈ ಅಂಕಿಯನ್ನು ಆಯಾ ಕಂಪನಿಯೇ ಕೊಟ್ಟುಕೊಳ್ಳುತ್ತದೆ, ಹಾಗಾಗಿ ಒಂದು ಕಂಪನಿಯ 320ನ್ನು ಇನ್ನೊಂದರ 300ರ ಜೊತೆ ತೂಗಬೇಡಿ. ಅದರ ಪಕ್ಕದ ಟ್ರ್ಯಾಕ್ಷನ್ ಅಕ್ಷರ ನೋಡಿ. ಅದು ಒದ್ದೆ ನೆಲದಲ್ಲಿ ನೇರವಾಗಿ ಬ್ರೇಕ್ ಹಾಕಿ ಅಳೆದದ್ದು. ಎಎ ಎಲ್ಲಕ್ಕಿಂತ ಮೇಲು. ಯುರೋಪಿನ ಲೇಬಲ್ ಇದ್ದರೆ ಮಳೆಯ ಚಿತ್ರದ ಮುಂದೆ ಎ ಇಂದ ಇ ವರೆಗಿನ ಅಕ್ಷರ ಇರುತ್ತದೆ, ಎ ಇರುವುದನ್ನೇ ತಗೊಳ್ಳಿ.

"ನಮ್ಮೂರಾಗ ಮಳೆ ಎಲ್ಲೈತಿ?" ಅಂತ ತಮ್ಮ ಕೇಳಿದ. ಮಳೆ ಕಡಿಮೆ ಇರುವುದೇ ತೊಂದರೆ. ತಿಂಗಳುಗಟ್ಟಲೆ ಅದಿರಿನ ಕೆಂಪು ದೂಳು, ಲಾರಿಗಳಿಂದ ಸೋರಿದ ಡೀಸೆಲ್, ಆಯಿಲ್ ರಸ್ತೆಯ ಮೇಲೆ ಕೂತಿರುತ್ತವೆ. ಮೊದಲ ಹನಿಗಳು ಬಿದ್ದಾಗ ಅದೆಲ್ಲ ಕಲಸಿ ಲೇಪದಂತಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವವರೆಗೂ ಅದೇ ಅಪಾಯದ ಹೊತ್ತು. ಸಿರುಗುಪ್ಪ, ಸಿಂಧನೂರು ಕಡೆ ಗದ್ದೆಯಿಂದ ಎದ್ದು ಬಂದ ಟ್ರ್ಯಾಕ್ಟರು ಎರೆಮಣ್ಣು ಹಾಸಿಹೋಗಿರುತ್ತದೆ, ಅದರ ಮೇಲೆ ಯಾವ ಟೈರೂ ನಿಲ್ಲಲ್ಲ, ನಿಧಾನ ಮಾಡುವುದೊಂದೇ ದಾರಿ.

ನಿಂತ ನೀರಿನ ಲೆಕ್ಕ ಬೇರೆ. 1960ರ ದಶಕದಲ್ಲಿ ನಾಸಾದವರು ವಿಮಾನದ ಚಕ್ರಗಳ ಮೇಲೆ ಪ್ರಯೋಗ ಮಾಡಿ ಒಂದು ಸೂತ್ರ ಕೊಟ್ಟರು. ಬಟನ್ನಿನ ಆಳಕ್ಕಿಂತ ನೀರೇ ಹೆಚ್ಚಾದಾಗ 33 ಪಿಎಸ್‌ಐ ಟೈರು ಸುಮಾರು 95 ಕಿಮೀ ವೇಗಕ್ಕೆ ನೆಲ ಬಿಟ್ಟು ನೀರಿನ ಮೇಲೆ ತೇಲುತ್ತದೆ. ಹೊಸ ಟೈರಿನ ಕಾಲುವೆ 7-8 ಮಿಲಿಮೀಟರ್ ಆಳ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರ್ ತನಕ ಓಡಿಸಬಹುದು, ಆದರೆ ನಾನು 3ಕ್ಕೆ ಬಂದರೆ ಬದಲಿಸು ಅಂತ ಹೇಳುವವನು.

ಆ ನಿಂಬೆಹಣ್ಣಿನ ಉಬ್ಬಿಗೆ ಬರೋಣ. ಪಕ್ಕೆಯೊಳಗೆ ಪಾಲಿಯೆಸ್ಟರ್ ಎಳೆಗಳಿರುತ್ತವೆ, ಗಾಳಿಯನ್ನು ತಡೆದಿಡುವುದು ಅವೇ. ಗುಂಡಿಯ ಅಂಚಿಗೂ ರಿಮ್ಮಿಗೂ ನಡುವೆ ಪಕ್ಕೆ ಸಿಕ್ಕಿ ಹಿಸುಕಿದಾಗ ನಾಲ್ಕಾರು ಎಳೆ ತುಂಡಾಗುತ್ತವೆ. ಆ ಜಾಗದಲ್ಲಿ ಬರೀ ರಬ್ಬರು ಉಳಿಯುತ್ತದೆ, ಗಾಳಿ ಅದನ್ನು ಹೊರಗೆ ತಳ್ಳುತ್ತದೆ. ಅದು ಯಾವಾಗ ಬೇಕಾದರೂ ಒಡೆಯಬಹುದು. ತಮ್ಮನ ಟೈರು 225/40 ಆರ್ 18. ಅಂದರೆ ಅಗಲ 225 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇಕಡಾ 40, ಬರೀ 90 ಮಿಲಿಮೀಟರ್. 17 ಇಂಚಿನ ರಿಮ್ಮಿಗೆ 225/45 ಹಾಕಿದರೆ 101 ಮಿಲಿಮೀಟರ್. ಚಕ್ರದ ಒಟ್ಟು ಎತ್ತರದಲ್ಲಿ ವ್ಯತ್ಯಾಸ 3 ಮಿಲಿಮೀಟರ್ ಮಾತ್ರ, ಸ್ಪೀಡೋಮೀಟರ್ ಕೆಡಲ್ಲ. ನಮ್ಮ ಎರೆ ನೆಲ ಮಳೆಗೆ ಉಬ್ಬಿ, ಬಿಸಿಲಿಗೆ ಕುಗ್ಗಿ, ಮೇಲಿನ ರಸ್ತೆಯನ್ನೂ ಅಲೆಅಲೆಯಾಗಿ ಮಾಡುತ್ತದೆ. ಇಂಥಲ್ಲಿ ಆ 11 ಮಿಲಿಮೀಟರಿಗೆ ಬೆಲೆ ಇದೆ. ತಮ್ಮನಿಗೆ 18 ಇಂಚಿನ ಅಂದವೇ ಬೇಕಿತ್ತು, ಎರಡು ದಿನ ಮಾತಾಡಲಿಲ್ಲ. ಕೊನೆಗೆ ಒಪ್ಪಿದ. ಬ್ರೇಕಿಗೆ 17ರ ರಿಮ್ಮು ತಾಗಲ್ಲ ಅಂತ ಹಾಕಿ, ತಿರುಗಿಸಿ ನೋಡಿಯೇ ಕೊಂಡೆವು. ಹಳೆಯದರ ಲೋಡ್ ಅಂಕಿ, ಅಂದರೆ ಒಂದು ಟೈರು ಹೊರುವ ಭಾರದ ಗುರುತು, 92, ಅಂದರೆ 630 ಕೆಜಿ. ಹೊಸದು 94, ಎಕ್ಸ್‌ಎಲ್ (ಹೆಚ್ಚು ಭಾರ ಹೊರುವ) ಗುರುತಿನದು, 670 ಕೆಜಿ. ಇದು ಯಾವತ್ತೂ ಕಡಿಮೆಯಾಗಬಾರದು. ಆ ಅಂಕಿಯ ಪಕ್ಕದ ಡಬ್ಲ್ಯು ಅಕ್ಷರ ಗಂಟೆಗೆ 270 ಕಿಮೀ ವೇಗದ ಮಿತಿಗೆ, ಅದರ ಬಗ್ಗೆ ಹೆಚ್ಚು ಮಾತು ಬೇಡ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರು ಆಮದಿಗೆ ಕಡಿವಾಣ ಹಾಕಿತು. ಹಾಗಾಗಿ ಅಪರೂಪದ ಅಳತೆಯ ಟೈರು ಸಿಕ್ಕರೂ ಅದು ಹಳೇ ಸ್ಟಾಕ್ ಅಲ್ಲ ಅಂತ ನೋಡಿಕೊಳ್ಳಬೇಕು. ಒಂದು ಅಂಗಡಿಯಲ್ಲಿ ಮಿರಮಿರ ಮಿಂಚುವ ಟೈರು ತೋರಿಸಿದರು. ಮೊಬೈಲ್ ಟಾರ್ಚ್ ಹಿಡಿದು ಪಕ್ಕೆಯಲ್ಲಿ ಡಾಟ್ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿದೆ: 1419. 2019ರ 14ನೇ ವಾರದ್ದು. ಉಗುರಿನಿಂದ ಒತ್ತಿದರೆ ಗುರುತೇ ಬೀಳಲಿಲ್ಲ. ಕೂತಲ್ಲೇ ಆಮ್ಲಜನಕ, ಬಿಸಿ ಸೇರಿ ರಬ್ಬರನ್ನು ಬಿರುಸು ಮಾಡುತ್ತವೆ. ಮೇಲಿನ ಮಿಂಚು ಬರೀ ಪಾಲಿಶ್. ಅಲ್ಲಿಂದ ಎದ್ದು ಬಂದೆವು.

ನಾಲ್ಕು ಕೊಳ್ಳಲು ದುಡ್ಡು ಸಾಲದೆ ಎರಡೇ ಕೊಂಡರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಮುಂದಿನ ಚಕ್ರ ಎಂಜಿನ್ನಿನ ಬಲದಲ್ಲಿ ತಿರುಗುವ ಕಾರಾದರೂ ಸರಿ. ಮುಂದಿನದು ಜಾರಿದರೆ ಸ್ಟೇರಿಂಗ್ ಹಗುರಾಗಿ ಗೊತ್ತಾಗುತ್ತದೆ, ಹಿಂದಿನದು ಜಾರಿದರೆ ಕಾರೇ ಗಿರಕಿ ಹೊಡೆಯುತ್ತದೆ.

ಹೊಸ ಟೈರು ಹಾಕಿದ ದಿನ ಬೆಳಿಗ್ಗೆ ತಣ್ಣಗಿದ್ದಾಗ 33 ಪಿಎಸ್‌ಐ ಹಾಕಿಸಿದ್ದೆವು. ಕಾರ್ಖಾನೆಯ ಅಚ್ಚಿನಿಂದ ಅಂಟಿದ ಜಿಡ್ಡು ಹೋಗಲಿ ಅಂತ ಮೊದಲ ಕೆಲವು ನೂರು ಕಿಲೋಮೀಟರ್ ನಿಧಾನಕ್ಕೇ ಓಡಿಸು ಅಂತ ಹೇಳಿದ್ದೆ. ಮಧ್ಯಾಹ್ನ ಹೊಸಪೇಟೆಗೆ ಹೋಗಿಬಂದು ನೋಡಿದರೆ ಗೇಜಿನಲ್ಲಿ 38. ತಮ್ಮ ಗಾಬರಿಯಾಗಿ ಗಾಳಿ ಇಳಿಸಲು ವಾಲ್ವಿಗೆ ಕೈ ಹಾಕಿದ. ತಡೆದೆ. ಒಳಗಿನ ಗಾಳಿ 6 ಡಿಗ್ರಿ ಬಿಸಿಯಾದರೆ ಸುಮಾರು 1 ಪಿಎಸ್‌ಐ ಏರುತ್ತದೆ, 30 ಡಿಗ್ರಿಗೆ 5. ನೈಟ್ರೋಜನ್ ತುಂಬಿಸಿದರೂ ಇಷ್ಟೇ ಏರುತ್ತದೆ, ಮಾಮೂಲಿ ಗಾಳಿಯಲ್ಲೇ ಶೇಕಡಾ 78 ನೈಟ್ರೋಜನ್ ಇದೆ. ಈಗ ಇಳಿಸಿದರೆ ನಾಳೆ ಬೆಳಿಗ್ಗೆ 28ಕ್ಕೆ ಬಂದು, ಪಕ್ಕೆ ಮತ್ತೆ ಮೆತ್ತಗಾಗಿ, ಅದೇ ಗುಂಡಿಗೆ ಸಿಗುತ್ತದೆ. ಅವನು ಕ್ಯಾಪ್ ವಾಪಸ್ ತಿರುಗಿಸಿದ. ಮರುದಿನ ಬೆಳಿಗ್ಗೆ ಆರಕ್ಕೆ ಅವನೇ ಗೇಜ್ ಹಿಡಿದು ನೋಡಿ ಬಂದು ಹೇಳಿದ: "33 ಐತಿ ಅಣ್ಣಾ."