ಅಂಗೈಯಾಗಿನ ಲಿಂಗ, ಓಡೋ ಮನಸ್ಸು

ವಿಜಯಪುರದ ನಮ್ಮ ಮನ್ಯಾಗ ಆಯಿ ದಿನಾ ಬೆಳಿಗ್ಗೆ ನಾಕೂವರಿಗೆ ಎದ್ದು ಜಳಕಾ ಮಾಡಿ, ಹಣಿಗೆ ವಿಭೂತಿ ಹಚ್ಕೊಂಡು, ಇಷ್ಟಲಿಂಗ ಎಡಗೈಯಾಗ ಇಟ್ಕೊಂಡು ಕುಂತ್ಲಂದ್ರ ಅರ್ಧಾ ತಾಸು ಅಲುಗಾಡ್ತಿರಲಿಲ್ಲ. ಹೊರಗ ಹಾಲಿನಾಂವ ಕೂಗಿದ್ರೂ ಅಷ್ಟ, ನಾಯಿ ಬೊಗಳಿದ್ರೂ ಅಷ್ಟ. ನಾ ಹತ್ತನೇತ್ತಾ ಓದೂ ಹೊತ್ತಿಗೆ ಒಮ್ಮೆ ಕೇಳಿದ್ದೆ, ಆಯಿ, ನಿನ್ನ ಮನಸ್ಸು ಅಷ್ಟೊತ್ತು ಒಂದ ಕಡೆ ಹೆಂಗ ನಿಲ್ತೈತಿ ಅಂತ. "ಎಲ್ಲಿ ನಿಲ್ತೈತೋ ತಮ್ಮಾ, ಓಡಿ ಹೊಕ್ಕೈತಿ, ಮತ್ತ ಹಿಡ್ಕೊಂಡು ಬರ್ತೀನಿ" ಅಂದ್ಲು.

ಆ ಮಾತಿನ ಬೆಲೆ ನಂಗ ತಿಳದದ್ದು ಭಾಳ ವರ್ಷದ ಮ್ಯಾಲ. ಧ್ಯಾನ ಅಂದ್ರ ತಲಿ ಖಾಲಿ ಮಾಡೂದು ಅಂತ ತಿಳ್ಕೊಂಡವರು ಭಾಳ ಮಂದಿ ಅದಾರ, ಕಣ್ಣು ಮುಚ್ಚಿದ ಕೂಡ್ಲೇ ಕಬ್ಬಿನ ಬಿಲ್ಲು, ಮಗಳ ಫೀಸು ನೆನಪಾಗ್ತೈತಿ, ನಮಗಿದು ಆಗೂದಲ್ಲ ಬಿಡ್ರಿ ಅಂತ ಎದ್ದು ಬಿಡ್ತಾರ. ಆದ್ರ ಓಡೂದು ಮನಸ್ಸಿನ ಹುಟ್ಟುಗುಣ. ಹಾರ್ವರ್ಡಿನ ಇಬ್ರು ಸಂಶೋಧಕರು 2010ರಾಗ 2,250 ಮಂದಿಗೆ ಫೋನಿನ್ಯಾಗ ಆಗಾಗ ಕೇಳಿ ನೋಡಿದ್ರು, ಈಗ ಏನ್ ಮಾಡಾಕತ್ತೀರಿ, ಮನಸ್ಸು ಅದರಾಗ ಐತೇನು ಅಂತ. ಸುಮಾರು 47 ಪರ್ಸೆಂಟ್ ಸಲ ಮನಸ್ಸು ಬ್ಯಾರೆ ಕಡೆನ ಇತ್ತು.

2012ರಾಗ ಅಮೆರಿಕಾದ ಎಮರಿ ಯೂನಿವರ್ಸಿಟಿಯಾಗ ಧ್ಯಾನದ ರೂಢಿ ಇದ್ದ 14 ಮಂದಿನ್ನ ಸ್ಕ್ಯಾನಿಂಗ್ ಮಷೀನಿನ್ಯಾಗ ಮಲಗಿಸಿ ಉಸಿರಿನ ಮ್ಯಾಲ ಲಕ್ಷ್ಯ ಇಡಾಕ ಹೇಳಿದ್ರು. ಮನಸ್ಸು ಜಾರಿದ್ದು ಗೊತ್ತಾದ ಕೂಡ್ಲೇ ಬಟನ್ ಒತ್ತಬೇಕು, ಅಷ್ಟ. ಮನಸ್ಸು ಅಲೀತಿದ್ದಾಗ ಮೆದುಳಿನ ಒಂದು ಜಾಲ ಕೆಲಸ ಮಾಡ್ತಿತ್ತು, "ಅಯ್ಯ, ಎಲ್ಲೋ ಹೋಗಿದ್ನೆಲ್ಲ" ಅಂತ ಅರಿವಾದ ಗಳಿಗ್ಯಾಗ ಇನ್ನೊಂದು ಜಾಗಾ ಎಚ್ಚರಾತು, ಲಕ್ಷ್ಯ ತಿರುಗಿ ತರಾಕ ಮತ್ತೊಂದು. ಅಂದ್ರ ಮನಸ್ಸು ಓಡಿದ್ದು ಧ್ಯಾನ ಕೆಟ್ಟಂಗಲ್ರಿ, ಓಡಿದ್ದು ಗೊತ್ತಾಗಿ ತಿರುಗಿ ಬರೂದೂ ಧ್ಯಾನದ ಒಳಗಿನ ಕೆಲಸನ. ಆಯಿ ಹೇಳಿದ್ದು ಬೇರೇನಲ್ಲ!

ಪತಂಜಲಿ ಹೇಳೋ ಯೋಗದ ಎಂಟು ಅಂಗದಾಗ ಆರನೇದು ಧಾರಣಾ, ಚಿತ್ತಾನ ಒಂದ ಜಾಗಾಕ್ಕ ಕಟ್ಟೂದು. ಏಳನೇದು ಧ್ಯಾನ, ಕಟ್ಟಿದ್ದು ಎಣ್ಣಿ ಧಾರಿ ಹಂಗ ಕಡೀದಂಗ ಹರಿಯೂದು. ನಾವು ಬಹಳಷ್ಟು ಮಂದಿ ಧಾರಣಾದಾಗ ಇದ್ದು ಧ್ಯಾನ ಬರವಲ್ದು ಅಂತ ಬ್ಯಾಸರಾ ಮಾಡ್ಕೋತೀವಿ.

ನಮ್ಮ ಕಡೆ ಶರಣರ ಹಾದಿಯಾಗ ಕಟ್ಟಾಕ ಸಿಕ್ಕ ಜಾಗಾ ಅಂಗೈ. ಲಿಂಗದ ಮ್ಯಾಲಿನ ಕರೀ ಹೊಳಪನ್ನ ರೆಪ್ಪಿ ಬಡೀದಂಗ ನೋಡೂದು. ಹಂಗ ನೋಡ್ತಾ ಕುಂತ್ರ ಸುತ್ತಲಿದ್ದದ್ದು ಮಸುಕಾಗಿ ಕರಗಿ ಹೋದಂಗ ಆಗ್ತೈತಿ, ಇದನ್ನ ಸ್ವಿಸ್ ವೈದ್ಯ ಟ್ರಾಕ್ಸ್‌ಲರ್ 1804ರಾಗ ಬರದಿಟ್ಟಾನ. ಬದಲಾಗದ ಚಿತ್ರ ಕಣ್ಣಂಚಿನ್ಯಾಗ ಇದ್ರ ನರಕೋಶಗಳು ಅದಕ್ಕ ಉತ್ತರಾ ಕೊಡೂದು ಕಡಿಮಿ ಮಾಡ್ತಾವ, ಕೈಗೆ ಕಟ್ಟಿದ ವಾಚು ಸ್ವಲ್ಪ ಹೊತ್ತಿಗೆ ಮರತು ಹೋಗೂದಿಲ್ಲೇನ್ರಿ, ಹಂಗ. ಗ್ವಾಡಿ ಮ್ಯಾಲ ಒಂದು ಚುಕ್ಕಿ ಇಟ್ಟು ನೀವೂ ನೋಡ್ಬಹುದು.

ಇನ್ನ ಉಸಿರು. ಆಯಿ ಸಣ್ಣ ದನಿಯಾಗ "ಓಂ ನಮಃ ಶಿವಾಯ" ಅಂತಿದ್ಲು, ಉದ್ದಕ, ಸಾವಕಾಶ. ಇಟಲಿಯ ಸಂಶೋಧಕರು 2001ರಾಗ 23 ಮಂದಿ ಕಡಿಂದ ಒಮ್ಮೆ ಕ್ರೈಸ್ತರ ಜಪಮಾಲೆ ಪ್ರಾರ್ಥನಾ, ಒಮ್ಮೆ ಯೋಗದ ಮಂತ್ರ ಹೇಳಿಸಿ ಅಳದ್ರು, ಎರಡರಾಗೂ ಉಸಿರು ಮಿನಿಟಿಗೆ ಆರರ ಹತ್ರ ಇಳೀತು, ಅಂದ್ರ 10 ಸೆಕೆಂಡಿಗೆ ಒಂದು. ರಕ್ತದ ಒತ್ತಡ ಒಳಗೊಳಗ ಏರಿ ಇಳಿಯೋ ಲಯಾನೂ ಸುಮಾರು 10 ಸೆಕೆಂಡಿಂದು, ಎರಡೂ ಕೂಡಿಕೊಂಡಾಗ ಒತ್ತಡ ಸಂಭಾಳಿಸೋ ನರಗಳು ಚುರುಕಾಗ್ತಾವ. ದೇವರ ಹೆಸರು ಬ್ಯಾರೆ, ಭಾಷೆ ಬ್ಯಾರೆ, ಉಸಿರು ಮಾತ್ರ ಒಂದ, ಇದನ್ನ ಓದಿದಾಗ ನಂಗ ಮೈ ಜುಮ್ ಅಂದಿತ್ತು.

ಹಂಗಂತ ಗುಳಿಗಿ ಬಿಡಬ್ಯಾಡ್ರಿ, ಆಯಿ ಪೂಜಾ ಮುಗಿಸಿ ನಾಷ್ಟಾ ಮಾಡಿ ಬಿಪಿ ಗುಳಿಗಿ ತಪ್ಪದ ತಗೋತಿದ್ಲು. ಕುಂತಾಗ ಅಂಜಿಕಿ, ಹಳೇ ನೋವು ಹೆಚ್ಚಾತಂದ್ರ ನಿಲ್ಲಿಸಿ ಡಾಕ್ಟರಿಗೆ ತೋರಸ್ರಿ. ಆಯಿ ಬಿಪಿ ಸಲುವಾಗಿ ಕೂಡ್ತಿರಲಿಲ್ಲ, ಅಂಗೈಯಾಗಿನದು ಆಕಿಗೆ ಲಕ್ಷ್ಯ ಇಡೋ ಸಾಮಾನಲ್ಲ, ಶಿವ. ಮಷೀನಿಗೆ ಕಾಣೂದು ಮೈಯಾಗ ಆಗೂದಷ್ಟ, ಆ ಭಕ್ತಿನ್ನ ನಾ ಯಾವ ಗ್ರಾಫಿನ್ಯಾಗೂ ಹುಡುಕೂದಿಲ್ಲ.

ಕಡೀ ವರ್ಷ ಆಕಿ ಕೈ ನಡಗಾಕ ಹತ್ತಿತ್ತು. ಆವಾಗ ತೊಡಿ ಮ್ಯಾಲ ಒಂದು ದಿಂಬು ಇಟ್ಟು, ಅದರ ಮ್ಯಾಲ ಕೈ ಊರಿ, ಅದ ನಾಕೂವರಿಗೆ ಕೂಡ್ತಿದ್ಲು.