ಎಂಜಲು ಚೆಂಡು ಹೋಯಿತು, ಕೊಳಕು ಚೆಂಡು ಉಳಿಯಿತು: 1920ರ ಬೇಸ್‌ಬಾಲ್ ಬಿಕ್ಕಟ್ಟಿನ ಹಿನ್ನೆಲೆ

1908ರ ಇಡೀ ಋತುವಿನಲ್ಲಿ ಷಿಕಾಗೊ ವೈಟ್ ಸಾಕ್ಸ್ ತಂಡ ಹೊಡೆದದ್ದು ಬರೀ ಮೂರು ಹೋಮ್ ರನ್, ಅಂದರೆ ಬ್ಯಾಟರ್ ಎಲ್ಲ ಬೇಸ್‌ಗಳನ್ನೂ (ನೆಲೆಗಳನ್ನೂ) ಸುತ್ತಿ ಬರುವಷ್ಟು ದೂರದ ಹೊಡೆತ. ಅದೇ ವರ್ಷ ಆ ತಂಡದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಆಟಗಾರ) ಎಡ್ ವಾಲ್ಷ್ 464 ಇನಿಂಗ್ಸ್ ಚೆಂಡೆಸೆದು 40 ಪಂದ್ಯ ಗೆದ್ದುಕೊಟ್ಟರು. ಅವರ ಮುಖ್ಯ ಅಸ್ತ್ರ ಸ್ಪಿಟ್‌ಬಾಲ್, ಅಂದರೆ ಎಂಜಲು ಹಚ್ಚಿದ ಚೆಂಡು. 1901ರಿಂದ 1919ರವರೆಗಿನ ಈ ಕಾಲವನ್ನು ಅಮೆರಿಕದಲ್ಲಿ ‘ಡೆಡ್ ಬಾಲ್’ (ಸತ್ತ ಚೆಂಡಿನ) ಯುಗ ಎನ್ನುತ್ತಾರೆ. 1920ರಲ್ಲಿ ಎಂಜಲನ್ನು ನಿಷೇಧಿಸಿದ್ದೇ ತಡ, ಬ್ಯಾಟರ್‌ಗಳಿಗೆ ಬಿಡುಗಡೆ ಸಿಕ್ಕಿತು ಎಂಬ ವಿವರಣೆ ಇಂದಿಗೂ ಚಾಲ್ತಿಯಲ್ಲಿದೆ. ಅದು ಅರ್ಧ ಸತ್ಯ. ಬ್ಯಾಟರ್‌ಗಳನ್ನು ಹೆಚ್ಚು ಕಾಡಿದ್ದು ಎಂಜಲಲ್ಲ, ಹಳತಾದರೂ ಬದಲಾಯಿಸದ ಚೆಂಡು.

ಬೇಸ್‌ಬಾಲ್ ಚೆಂಡಿನ ತೂಕ 5ರಿಂದ 5.25 ಔನ್ಸ್, ಅಂದರೆ ಸುಮಾರು 142ರಿಂದ 149 ಗ್ರಾಂ. ಕ್ರಿಕೆಟ್ ಚೆಂಡಿಗಿಂತ ತುಸು ಹಗುರ. ಆಗಿನ ಚೆಂಡಿನ ನಡುವೆ ರಬ್ಬರ್ ಗುಂಡು, ಅದರ ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆಯ ನೂಲು, ಮೇಲೆ ಕುದುರೆ ಚರ್ಮದ ಎರಡು ಹೋಳು ಸೇರಿಸಿ ಹಾಕಿದ ಹೊಲಿಗೆ. ಪಂದ್ಯ ಸಾಗಿದಂತೆ ಚರ್ಮ ಸಡಿಲವಾಗಿ, ನೂಲು ಮೆತ್ತಗಾಗಿ, ಎಷ್ಟೇ ಬಲವಾಗಿ ಹೊಡೆದರೂ ಚೆಂಡು ದೂರ ಹೋಗುತ್ತಿರಲಿಲ್ಲ. 1911ರಿಂದ ಒಳಗೆ ಕಾರ್ಕ್ ಸೇರಿಸಿದರು. ಹೊಡೆತ ಸ್ವಲ್ಪ ಚುರುಕಾಯಿತು ನಿಜ, ಆದರೆ ಆ ವರ್ಷ ಎರಡು ಮುಖ್ಯ ಲೀಗ್‌ಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ ಎಲ್ಲರಿಗಿಂತ ಮುಂದಿದ್ದ ಫ್ರಾಂಕ್ ಬೇಕರ್ ಹೊಡೆದದ್ದು 11 ಹೋಮ್ ರನ್ ಅಷ್ಟೇ.

ಚೆಂಡಿಗೆ ದುಡ್ಡು ಸುರಿಯಲು ಕ್ಲಬ್ ಮಾಲೀಕರಿಗೆ ಇಷ್ಟವಿರಲಿಲ್ಲ. ಗ್ಯಾಲರಿಗೆ ಹೋದ ಚೆಂಡನ್ನೂ ಪ್ರೇಕ್ಷಕರಿಂದ ವಾಪಸ್ ಕೇಳುತ್ತಿದ್ದರು. ಅದನ್ನು ಪ್ರೇಕ್ಷಕರೇ ಇಟ್ಟುಕೊಳ್ಳಲಿ ಎಂದು 1916ರಲ್ಲಿ ಷಿಕಾಗೊ ಕಬ್ಸ್ ಮಾಲೀಕ ಚಾರ್ಲ್ಸ್ ವೀಗ್‌ಮನ್ ಬಿಟ್ಟುಕೊಟ್ಟಿದ್ದೇ ಹೊಸ ಸಂಗತಿ. ಹೀಗೆ ಉಳಿಸಿಕೊಂಡ ಚೆಂಡು ಮಣ್ಣು, ತಂಬಾಕಿನ ರಸ, ಹುಲ್ಲಿನ ಕಲೆ ಎಲ್ಲವನ್ನೂ ಹೀರಿ ಕಂದುಬಣ್ಣಕ್ಕೆ ತಿರುಗಿ, ಬ್ಯಾಟರ್‌ಗೆ ಸರಿಯಾಗಿ ಕಾಣುತ್ತಿರಲಿಲ್ಲ.

ಎಂಜಲಿನ ಕೆಲಸವೇ ಬೇರೆ. ಪಿಚರ್ ಚೆಂಡಿನ ಮೇಲೆ ಎರಡು ಬೆರಳ ತುದಿಯಷ್ಟು ಜಾಗವನ್ನು ಒದ್ದೆ ಮಾಡುತ್ತಿದ್ದ. ತೋರುಬೆರಳು, ನಡುಬೆರಳು ಅಲ್ಲಿ; ಹೆಬ್ಬೆರಳು ಕೆಳಗೆ ಒಣ ಚರ್ಮದ ಮೇಲೆ. ಸಾಮಾನ್ಯ ವೇಗದ ಎಸೆತದಲ್ಲಿ ಬೆರಳುಗಳು ಚೆಂಡನ್ನು ಹಿಮ್ಮುಖವಾಗಿ ತಿರುಗಿಸುತ್ತವೆ. ಆ ತಿರುಗುವಿಕೆಯೇ ಅದು ಬೇಗ ಕೆಳಗಿಳಿಯದಂತೆ ಎತ್ತಿ ಹಿಡಿಯುತ್ತದೆ. ಒದ್ದೆ ಜಾಗದಲ್ಲಿ ಬೆರಳು ಜಾರುವುದರಿಂದ ಚೆಂಡು ಹೆಚ್ಚು ತಿರುಗದೆ ಹೊರಟು, ಬ್ಯಾಟರ್ ಹತ್ತಿರ ಬರುವಾಗ ಅವನ ಅಂದಾಜಿಗಿಂತ ಕೆಳಗಿಳಿಯುತ್ತದೆ. ಬಾಯಲ್ಲಿ ಜೊಲ್ಲು ಹೆಚ್ಚಲೆಂದು ಕೆಲವರು ಎಲ್ಮ್ ಮರದ ಲೋಳೆ ತೊಗಟೆ ಅಗಿಯುತ್ತಿದ್ದರು. ಎಂಜಲು ಹೆಚ್ಚಾದರೆ ಚೆಂಡು ಪಿಚರ್‌ನ ಹಿಡಿತಕ್ಕೇ ಸಿಗುತ್ತಿರಲಿಲ್ಲ. ಫೀಲ್ಡರ್ ಅದನ್ನು ಹಿಡಿದು ಮೊದಲ ಬೇಸ್‌ಗೆ ಎಸೆಯುವಾಗಲೂ ಜಾರಿ ದಿಕ್ಕು ತಪ್ಪುತ್ತಿತ್ತು.

ಎಂಜಲಿನ ಜೊತೆ ಇತರ ಕೈಚಳಕಗಳೂ ಬಂದವು. ರಸ್ ಫೋರ್ಡ್ ಕೈಗವಸಿನಲ್ಲಿ ಎಮರಿ ಕಾಗದ (ಉಜ್ಜುಕಾಗದ) ಬಚ್ಚಿಟ್ಟು ಚೆಂಡಿನ ಒಂದು ಮಗ್ಗುಲನ್ನು ಒರಟು ಮಾಡಿ, 1910ರಲ್ಲಿ 26 ಪಂದ್ಯ ಗೆದ್ದರು. 1920ರ ಫೆಬ್ರವರಿಯಲ್ಲಿ ನಿಯಮ ಸಮಿತಿ ಎಂಜಲು ಸೇರಿದಂತೆ ಇವೆಲ್ಲವನ್ನೂ ನಿಷೇಧಿಸಿತು. ಆ ವರ್ಷದ ಮಟ್ಟಿಗೆ ಪ್ರತಿ ತಂಡ ಇಬ್ಬರು ಎಂಜಲು ಪಿಚರ್‌ಗಳನ್ನು ಹೆಸರಿಸಬಹುದಿತ್ತು. ಆಮೇಲೆ 17 ಮಂದಿಗೆ ನಿವೃತ್ತಿಯವರೆಗೂ ವಿನಾಯಿತಿ ಸಿಕ್ಕಿತು. ಅವರಲ್ಲಿ ಕೊನೆಯವರಾದ ಬರ್ಲಿ ಗ್ರೈಮ್ಸ್ 1934ರವರೆಗೂ ಎಲ್ಲರೆದುರೇ ಎಂಜಲು ಹಚ್ಚಿ ಎಸೆದರು. ಹಾಗಾಗಿ ನಿಷೇಧ ಬಂದ ದಿನವೇ ಆಟ ಬದಲಾಯಿತು ಎನ್ನಲು ಆಧಾರವಿಲ್ಲ.

ಕೊಳಕು ಚೆಂಡಿನ ಬಗ್ಗೆ ಮಾತ್ರ ಸಮಿತಿ ತಲೆಕೆಡಿಸಿಕೊಳ್ಳಲಿಲ್ಲ. ಅಂಪೈರ್‌ಗಳು ಚೆಂಡುಗಳನ್ನು ಸುಮ್ಮನೆ ಹೊರಹಾಕುತ್ತಿದ್ದಾರೆ ಎಂದು ಮಾಲೀಕರು ದೂರಿದರು. ತೀರಾ ಅಪಾಯಕಾರಿಯಲ್ಲದ ಚೆಂಡನ್ನು ಆಟದಲ್ಲೇ ಇರಿಸಿ ಎಂದು ಅಮೆರಿಕನ್ ಲೀಗ್ ಅಧ್ಯಕ್ಷ ಬ್ಯಾನ್ ಜಾನ್ಸನ್ ಸೂಚಿಸಿದರು.

1920ರ ಆಗಸ್ಟ್ 16ರಂದು ನ್ಯೂಯಾರ್ಕ್‌ನ ಪೋಲೊ ಗ್ರೌಂಡ್ಸ್‌ನಲ್ಲಿ ಐದನೇ ಇನಿಂಗ್ಸ್ ನಡೆಯುತ್ತಿತ್ತು. ನ್ಯೂಯಾರ್ಕ್ ಯಾಂಕೀಸ್ ತಂಡದ ಪಿಚರ್ ಕಾರ್ಲ್ ಮೇಸ್ ತೋಳನ್ನು ನೆಲದ ಹತ್ತಿರಕ್ಕೆ ಇಳಿಸಿ ಎಸೆಯುವವರು. ಚೆಂಡು ಎಲ್ಲಿಂದ ಹೊರಡುತ್ತದೆಂದು ಹಿಡಿಯುವುದೇ ಕಷ್ಟ. ಕ್ಲೀವ್‌ಲ್ಯಾಂಡ್ ತಂಡದ ಬ್ಯಾಟರ್ ರೇ ಚಾಪ್‌ಮನ್ ನಿಂತಲ್ಲಿಂದ ಕದಲಲಿಲ್ಲ. ಚೆಂಡು ತಲೆಗೆ ಬಡಿದು ಪುಟಿದು ಮೇಸ್ ಕಡೆಗೇ ಉರುಳಿತು. ಬ್ಯಾಟಿಗೆ ತಗುಲಿತೆಂದುಕೊಂಡ ಮೇಸ್ ಔಟ್ ಮಾಡಲು ಅದನ್ನೆತ್ತಿ ಮೊದಲ ಬೇಸ್‌ಗೆ ಎಸೆದರು. ಚಾಪ್‌ಮನ್ ಮರುದಿನ ಮುಂಜಾನೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಅದು ಎಂಜಲು ಎಸೆತವೂ ಆಗಿರಲಿಲ್ಲ.

ಆ ಸಾವಿನ ನಂತರ ಬಣ್ಣಗೆಟ್ಟ ಚೆಂಡನ್ನು ತಕ್ಷಣ ಬದಲಾಯಿಸುವುದು ರೂಢಿಗೆ ಬಂತು. ಬಿಳಿ ಚೆಂಡು ಚೆನ್ನಾಗಿ ಕಾಣುತ್ತಿತ್ತು, ಬಿಗಿಯೂ ಇರುತ್ತಿತ್ತು. ದೂರ ಹೊಡೆಯಲು ಇವೆರಡೂ ಬೇಕು. ಆದರೆ ಎಲ್ಲ ಶ್ರೇಯವನ್ನೂ ಚೆಂಡಿಗೇ ಕೊಡುವಂತಿಲ್ಲ. ಬೇಬ್ ರೂತ್ ಹಳೆಯ ಪದ್ಧತಿಯಲ್ಲೇ, 1919ರಲ್ಲಿ, 29 ಹೋಮ್ ರನ್ ಹೊಡೆದಿದ್ದರು. 1920ರಲ್ಲಿ 54 ಹೊಡೆದರು. ಅವರ ಪೂರ್ಣ ಬೀಸನ್ನು ಉಳಿದವರು ಅನುಕರಿಸಿದ್ದೂ ದೊಡ್ಡ ಕಾರಣವೇ.

ಹೊಸ ಚೆಂಡಿಗೆ ಅದರದೇ ತೊಂದರೆಯಿತ್ತು: ನುಣುಪು. ಹಿಡಿತ ತಪ್ಪಿದ ಎಸೆತ ನೇರ ತಲೆಗೇ ಬರಬಹುದು. ಅದಕ್ಕೆ ಪಂದ್ಯಕ್ಕೆ ಮುಂಚೆ ಚೆಂಡಿನ ಹೊಳಪು ತೆಗೆಯುವ ಕ್ರಮ ಬಂತು. 1938ರಲ್ಲಿ ಲೀನಾ ಬ್ಲ್ಯಾಕ್‌ಬರ್ನ್ ಎಂಬ ಕೋಚ್ ನ್ಯೂಜೆರ್ಸಿಯ ಹೊಳೆಯೊಂದರ ನಯವಾದ ಕೆಸರನ್ನು ಪೂರೈಸತೊಡಗಿದರು. ಚರ್ಮ ಗೀರದೆ, ಬಣ್ಣ ಹೆಚ್ಚು ಕೆಡದೆ ಜಿಡ್ಡು ಹೋಗುವಷ್ಟೇ ಅದನ್ನು ಉಜ್ಜಬೇಕು.

ಬ್ಯಾಟರ್‌ನ ತಲೆಯ ಗತಿ? ಮೇಜರ್ ಲೀಗ್‌ನಲ್ಲಿ ಹೆಲ್ಮೆಟ್ ಕಡ್ಡಾಯವಾದದ್ದು 1971ರಲ್ಲಿ. ಚಾಪ್‌ಮನ್ ಸತ್ತು ಆಗಲೇ ಐವತ್ತು ವರ್ಷ ಕಳೆದಿತ್ತು. ಅದೂ ಹೊಸದಾಗಿ ಸೇರುವವರಿಗಷ್ಟೇ. 17 ಪಿಚರ್‌ಗಳಿಗೆ ಸಿಕ್ಕಂಥದ್ದೇ ವಿನಾಯಿತಿ ಇಲ್ಲಿ ಹಳೆಯ ಆಟಗಾರರಿಗೂ ಸಿಕ್ಕಿತು.